ಗಿರಾಕಿಗಿಂತ ಮೊದಲು ತಿಂದ ಚೂರು

ಮೊನ್ನೆ ಮುಂಜಾನೆ ಸೇಡಂ ಬಸ್ ನಿಲ್ದಾಣದ ಬದಿಗೆ ಕರಬೂಜದ ಟೆಂಪೋ ಬಂದು ನಿಂತಿತು. ಈ ವರ್ಷದ ಮೊದಲ ಮಾಲು. ಹಿಂದಿನ ಬಾಗಿಲು ತೆಗೆಯುವ ಮೊದಲೇ ವಾಸನೆ ರಸ್ತೆ ದಾಟಿ ನನ್ನ ಗಾಡಿಯ ತನಕ ಬಂದಿತ್ತು. ಸಿಮೆಂಟಿನ ಧೂಳು, ಬಸ್ಸಿನ ಹೊಗೆ, ಪಕ್ಕದ ಹೋಟೆಲಿನಲ್ಲಿ ಕರಿಯುತ್ತಿದ್ದ ಮಿರ್ಚಿ ಭಜಿ, ಇಷ್ಟೆಲ್ಲದರ ನಡುವೆಯೂ ಕರಬೂಜ ತನ್ನ ದಾರಿ ತಾನು ಮಾಡಿಕೊಂಡು ಬರುತ್ತದೆ. ಆ ವಾಸನೆ ಬಂದರೆ ಸಾಕು, ನನ್ನ ಬಲಗೈ ತಾನಾಗಿ ಚಾಕು ಹುಡುಕುತ್ತದೆ. ಮೊನ್ನೆಯೂ ಹುಡುಕಿತು. ನಾನು ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಸ್ಟೂಲಿನ ಮೇಲೆ ಕುಳಿತೆ. ಇನ್ನೂ ಎಂಟೂವರೆ, ಆಗಲೇ ದಣಿವಾಗಿತ್ತು. ಈಗೀಗ ಕೆಲಸ ಮಾಡಿದ್ದಕ್ಕಿಂತ ಹೀಗೆ ಕೈ ಹಿಂದಕ್ಕೆ ತೆಗೆದುಕೊಂಡಿದ್ದಕ್ಕೇ ನನಗೆ ಹೆಚ್ಚು ದಣಿವಾಗುತ್ತದೆ.

ಏಳು ವರ್ಷದ ಹಿಂದಿನ ಆ ಬೇಸಿಗೆಯೂ ಹೀಗೇ ಕರಬೂಜದಿಂದ ಶುರುವಾಗಿತ್ತು.

ಅದನ್ನು ಹೇಳುವ ಮೊದಲು ನನ್ನ ಅಪ್ಪನ ವಿಷಯ ಹೇಳಬೇಕು. ನಮ್ಮದು ಮಳಖೇಡದ ಹೊಳೆದಂಡೆಯ ಮನೆತನ. ಅಜ್ಜನ ಕಾಲಕ್ಕೆ ದೋಣಿ ಹಾಕುತ್ತಿದ್ದರು, ಮೀನು ಹಿಡಿಯುತ್ತಿದ್ದರು. ಅಪ್ಪ ಬೇಸಿಗೆಯಲ್ಲಿ ಕಾಗಿಣಾ ಹೊಳೆ ಬತ್ತಿದ ಮೇಲೆ ಉಸುಕಿನಲ್ಲಿ ಕುಣಿ ತೋಡಿ, ಗೊಬ್ಬರ ತುಂಬಿ, ಕರಬೂಜ ಮತ್ತು ಕಲ್ಲಂಗಡಿ ಬೆಳೆಯುತ್ತಿದ್ದ. ಈಗ ಹೊಳೆಯಲ್ಲಿ ಆ ಉಸುಕೂ ಇಲ್ಲ, ಆ ಬೆಳೆಯೂ ಇಲ್ಲ. ಅಪ್ಪ ಹಣ್ಣನ್ನು ಬುಟ್ಟಿಯಲ್ಲಿ ಹೊತ್ತು ಸೇಡಂ ಸಂತೆಗೆ ತರುತ್ತಿದ್ದ. ಗಿರಾಕಿ ಬಂದು ಕುಕ್ಕುರಗಾಲಲ್ಲಿ ಕೂತರೆ, ಹಣ್ಣಿಗೆ ಚಾಕು ಹಾಕಿ ಮೂರು ಮೂಲೆಯ ಒಂದು ಚೂರು ತೆಗೆಯುತ್ತಿದ್ದ. ಆ ಚೂರನ್ನು ಅಡ್ಡ ಸೀಳಿ, ಅರ್ಧ ತಾನು ಬಾಯಿಗೆ ಹಾಕಿಕೊಂಡು, ಉಳಿದರ್ಧ ಗಿರಾಕಿಗೆ ಕೊಡುತ್ತಿದ್ದ. ಮೊದಲು ತಾನು, ಆಮೇಲೆ ಗಿರಾಕಿ. ಈ ಕ್ರಮ ತಪ್ಪಬಾರದು.

'ಮಂದಿ ಹಣ್ಣ ನೋಡಿ ಒಯ್ಯಂಗಿಲ್ಲೋ ಸಾಬಣ್ಣ. ಮಾರೋನ ಬಾಯಿ ನೋಡಿ ಒಯ್ತಾರ. ನೀ ತಿಂದಿ ಅಂದ್ರ ಅವಗ ಧೈರ್ಯ ಬರ್ತದ' ಎನ್ನುತ್ತಿದ್ದ.

ಅಪ್ಪನಿಂದ ನನಗೆ ಬಂದ ಆಸ್ತಿ ಎಂದರೆ ಇದೊಂದೇ. ಆದರೆ ಈ ಆಸ್ತಿ ಬೇಷಾಗಿ ನಡೆಯಿತು. ಮಾವಿನ ಹಣ್ಣಿಗೆ ಪೌಡರ್ ಹಾಕಿ ಮಾಗಿಸುತ್ತಾರೆ, ಕಲ್ಲಂಗಡಿಗೆ ಸೂಜಿ ಚುಚ್ಚಿ ಬಣ್ಣ ಬಿಡುತ್ತಾರೆ ಎಂದು ಜನರ ಮೊಬೈಲಿಗೆ ದಿನಕ್ಕೊಂದು ಸುದ್ದಿ ಬರತೊಡಗಿದ ಮೇಲಂತೂ ನನ್ನ ಗಾಡಿಯ ಮುಂದೆ ಜನ ಹೆಚ್ಚಾದರು. ಉಳಿದವರು ಹಣ್ಣನ್ನು ಹೊಗಳುತ್ತಿದ್ದರು. ನಾನು ಬಾಯಿ ಆಡಿಸಿ ತೋರಿಸುತ್ತಿದ್ದೆ. 'ಸಾಬಣ್ಣ ತಾ ತಿಂದು ಕೊಡ್ತಾನ' ಎಂಬ ಮಾತು ಬಸ್ ನಿಲ್ದಾಣದಿಂದ ಸಿಮೆಂಟ್ ಫ್ಯಾಕ್ಟರಿಯ ಕಾಲೊನಿಗಳ ತನಕ ಹೋಗಿತ್ತು. ಚಿತ್ತಾಪುರದ ಬಸ್ಸು ಹಿಡಿಯುವವರು ಬಸ್ಸು ಬಿಟ್ಟರೂ ಸೈ, ನನ್ನ ಹತ್ತಿರವೇ ಕೊಳ್ಳುತ್ತಿದ್ದರು. ನನಗೆ ಅದರ ಹಮ್ಮೂ ಇತ್ತು, ಸುಳ್ಳೇಕೆ ಹೇಳಲಿ.

ಆ ವರ್ಷ ಶಿವರಾತ್ರಿ ಕಳೆದ ಸ್ವಲ್ಪ ದಿನಕ್ಕೆ ಹಣ್ಣಿನ ಪೆಟ್ಟಿಗೆಯ ಮೊಳೆ ನನ್ನ ಎಡಗಾಲಿನ ಹೆಬ್ಬೆರಳಿಗೆ ಚುಚ್ಚಿತು. ಹವಾಯಿ ಚಪ್ಪಲಿ ಹಾಕಿಕೊಂಡು ಪೆಟ್ಟಿಗೆ ಎತ್ತುವವರಿಗೆ ಇದೇನು ಹೊಸದಲ್ಲ. ಅರಿಸಿಣ ಮೆತ್ತಿ ಬಟ್ಟೆ ಸುತ್ತಿದೆ. ಹದಿನೈದು ದಿನವಾದರೂ ಮಾಯಲಿಲ್ಲ. ಜೊತೆಗೆ ನೀರಡಿಕೆ ಎಂದರೆ ನೀರಡಿಕೆ. ಸೇಡಮ್ಮಿನ ಬಿಸಿಲಿಗೆ ಯಾರಿಗೆ ನೀರಡಿಕೆ ಆಗುವುದಿಲ್ಲ ಎಂದು ನಾನು ಬಿಟ್ಟಿದ್ದೆ. ನನ್ನ ಹೆಂಡತಿ ಜಗದೇವಿ ಬಿಡಲಿಲ್ಲ. ದವಾಖಾನೆಗೆ ಎಳೆದುಕೊಂಡು ಹೋದಳು. ಬೆರಳಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತ ತೆಗೆದರು. ಸಣ್ಣ ಮಷೀನು ಕೂಗಿತು. ಡಾಕ್ಟರಮ್ಮ ಅಂಕಿ ನೋಡಿ ನನ್ನ ಮುಖ ನೋಡಿದರು.

'ಶುಗರ್ ಅದರಿ ನಿಮಗ. ಭಾಳ ದಿನದಿಂದ ಇದ್ದಂಗ ಕಾಣ್ತದ. ಏನೇನು ಊಟ ಮಾಡ್ತೀರಿ?'

'ಜ್ವಾಳದ ರೊಟ್ಟಿ, ಪುಂಡಿಪಲ್ಯ, ಬ್ಯಾಳಿ. ಮಧ್ಯಾಹ್ನ ಜರಾ ಅನ್ನ. ದಿನಕ್ಕ ಮೂರು ನಾಕು ಚಾ.'

'ಹಣ್ಣು?'

'ಇಲ್ರಿ. ಮಾರ್ತೀನಿ ಖರೆ, ತಿನ್ನಂಗಿಲ್ಲ.'

ಇದನ್ನು ಹೇಳುವಾಗ ನನ್ನ ಮನಸ್ಸಿನಲ್ಲಿ ಎಳ್ಳಷ್ಟೂ ಕಪಟ ಇರಲಿಲ್ಲ. ದೇವರ ಮೇಲೆ ಆಣೆ ಮಾಡು ಎಂದಿದ್ದರೂ ಮಾಡುತ್ತಿದ್ದೆ. ಹಣ್ಣು ತಿನ್ನುವುದು ಎಂದರೆ ಕೆಲಸ ಮುಗಿಸಿ, ಕಾಲು ಚಾಚಿ ಕೂತು, ಒಂದು ಹಣ್ಣನ್ನು ಇಡಿಯಾಗಿ ತಿನ್ನುವುದು. ಹಾಗೆ ನಾನು ಯಾವತ್ತೂ ತಿಂದವನಲ್ಲ. ಗಿರಾಕಿಯ ಮುಂದೆ ಬಾಯಿಗೆ ಹಾಕಿಕೊಳ್ಳುವುದು ವ್ಯಾಪಾರ. ತಕ್ಕಡಿ ತೂಗಿದ ಹಾಗೆ ಅದೂ ಒಂದು. ತಕ್ಕಡಿ ತೂಗಿದರೆ ಹೊಟ್ಟೆ ತುಂಬುತ್ತದೆಯೇ?

ಡಾಕ್ಟರಮ್ಮ ಒಳ್ಳೆಯವರು. ಹಣ್ಣು ಪೂರ್ತಿ ಬಿಡಿ ಎಂದು ಅವರು ಹೇಳಲೇ ಇಲ್ಲ. 'ದಿನಕ್ಕೊಮ್ಮೆ, ಮುಷ್ಟಿಯಷ್ಟು. ಊಟದ ಸಂಗಟ ಬ್ಯಾಡ, ಊಟಕ್ಕೂ ಊಟಕ್ಕೂ ನಡುವೆ ತಿನ್ರಿ. ರಸ ಮಾಡಿ ಕುಡೀಬ್ಯಾಡ್ರಿ, ಹಲ್ಲಿಲೆ ಅಗಿದು ತಿನ್ರಿ. ಪೇರಲ ನಡೀತದ, ನೇರಳೆ ನಡೀತದ. ಮಾವಿನಹಣ್ಣು ಅಂದ್ರ ಎರಡು ಹೋಳು, ಅವತ್ತು ಒಂದು ರೊಟ್ಟಿ ಕಮ್ಮಿ' ಎಂದು ಬೆರಳು ಮಡಚಿ ಹೇಳಿದರು. ನಾನು ಹೂಂ ಹೂಂ ಎಂದೆ. ತಿನ್ನದೇ ಇರುವವನಿಗೆ ಈ ಲೆಕ್ಕ ಯಾಕೆ ಎಂದು ಒಳಗೇ ಅಂದುಕೊಂಡೆ. ಗುಳಿಗೆ ಬರೆದುಕೊಟ್ಟರು.

ಅಂದಿನಿಂದ ಮನೆಯಲ್ಲಿ ಜಗದೇವಿಯ ದರಬಾರು. ಅನ್ನ ನಿಂತಿತು. ಚಹಾಕ್ಕೆ ಸಕ್ಕರೆ ನಿಂತಿತು. ಮೂರು ರೊಟ್ಟಿ ಎರಡಾಯಿತು. ಆ ಎರಡನ್ನೂ ಅವಳು ತಟ್ಟಿ ತಟ್ಟಿ ಇನ್ನಷ್ಟು ತೆಳ್ಳಗೆ ಮಾಡುತ್ತಿದ್ದಳು, ಹಂಚಿನ ಮೇಲಿಂದ ಎತ್ತಿದರೆ ಆಚೆ ಗೋಡೆ ಕಾಣಬೇಕು. ನಾನು ಗೊಣಗುತ್ತ ಉಂಡೆ. ಹದಿನೈದು ದಿನಕ್ಕೊಮ್ಮೆ ತೋರಿಸಿದರೆ ಅಂಕಿ ಇಳಿದಿರಲಿಲ್ಲ. ಡಾಕ್ಟರಮ್ಮ ಗುಳಿಗೆ ಹೆಚ್ಚಿಸಿದರು. ಮತ್ತೆ ಹೋದೆವು, ಮತ್ತೆ ಹೆಚ್ಚಿಸಿದರು. ಗಾಯದ ಅಂಚು ಕಪ್ಪಾಗತೊಡಗಿತ್ತು. ಮೂರನೆಯ ಸಲ ಅವರು ಜಗದೇವಿಯನ್ನು ನೋಡಿಯೇ ಹೇಳಿದರು, 'ಶುಗರ್ ಇಳೀಲಿಲ್ಲ ಅಂದ್ರ ಬೆರಳು ತೆಗೀಬೇಕಾಗ್ತದ ನೋಡ್ರಿ. ಬೆರಳಿಗೇ ನಿಂತ್ರ ಪುಣ್ಯ.'

ಹಣ್ಣಿನ ಗಾಡಿಯವನಿಗೆ ಕಾಲೆಂದರೆ ಏನೆಂದು ಬೇರೆಯವರಿಗೆ ಹೇಳಿ ತಿಳಿಸುವುದು ಕಷ್ಟ. ಮುಂಜಾನೆ ಮನೆಯಿಂದ ಗಾಡಿ ದೂಡಿಕೊಂಡು ಬರಬೇಕು, ಹತ್ತು ತಾಸು ನಿಲ್ಲಬೇಕು, ಸಂಜೆ ದೂಡಿಕೊಂಡು ಹೋಗಬೇಕು. ಹೆಬ್ಬೆರಳು ಊರದೆ ಗಾಡಿ ಏರು ಹತ್ತುವುದಿಲ್ಲ. ಆ ದಿನ ಮನೆಗೆ ಬಂದು ಜಗದೇವಿ ಒಲೆಯ ಮುಂದೆ ಕೂತು ಅತ್ತಳು.

'ನಾ ಏನು ತಪ್ಪು ಮಾಡ್ಲಾಕತ್ತೀನಿ ಹೇಳ್ರಿ. ಇನ್ನೂ ಎಷ್ಟ್ ತೆಳ್ಳಗ ಬಡೀಲಿ ರೊಟ್ಟಿ?'

ನನಗೂ ಅವಳ ರೊಟ್ಟಿಯ ಮೇಲೆಯೇ ಅನುಮಾನ.

ಉತ್ತರ ಹುಡುಕಿಕೊಟ್ಟವರು ಶಾಂತಾಬಾಯಿ ಟೀಚರ್. ನಿವೃತ್ತಿಯಾಗಿ ಬಹಳ ವರ್ಷವಾಗಿದ್ದರೂ ಊರೆಲ್ಲ ಅವರನ್ನು ಟೀಚರ್ ಎಂದೇ ಕರೆಯುತ್ತಿತ್ತು. ಹಣೆತುಂಬ ವಿಭೂತಿ, ಕೈಯಲ್ಲಿ ಛತ್ರಿ, ಚೀಲದಲ್ಲಿ ಒಂದು ಸಣ್ಣ ಸ್ಟೀಲಿನ ಡಬ್ಬಿ. ಇಪ್ಪತ್ತು ವರ್ಷದ ಶುಗರ್ ಅವರದು. ದಿನಾ ಹನ್ನೊಂದಕ್ಕೆ ಬಂದು ಖಾಲಿ ಪೆಟ್ಟಿಗೆಯ ಮೇಲೆ ಕೂತು, ಡಬ್ಬಿಯ ಅರ್ಧದ ತನಕ ಪಪ್ಪಾಯಿಯನ್ನೋ ಪೇರಲವನ್ನೋ ಹೆಚ್ಚಿಸಿಕೊಂಡು, ಅಲ್ಲೇ ನಿಧಾನಕ್ಕೆ ತಿಂದು, ಜೊತೆಗೆ ನಾಲ್ಕು ಶೇಂಗಾ ಬಾಯಿಗೆ ಹಾಕಿಕೊಂಡು ಹೋಗುತ್ತಿದ್ದರು. ಡಬ್ಬಿಯ ಒಳಗೆ ಮೊಳೆಯಿಂದ ಗೀರಿದ ಒಂದು ಗೆರೆ ಇತ್ತು. ಆ ಗೆರೆ ದಾಟಿ ಒಂದು ಹೋಳು ಹೆಚ್ಚು ಹಾಕಿದರೂ ತೆಗೆದು ವಾಪಸ್ ಕೊಡುತ್ತಿದ್ದರು.

ಅವರು ಗಾಡಿಯ ಹಿಂದೆ ಕೂತು ನನ್ನನ್ನು ಎಷ್ಟು ದಿನದಿಂದ ನೋಡುತ್ತಿದ್ದರೋ. ಯುಗಾದಿ ಕಳೆದಿತ್ತು, ಚಿಂಚೋಳಿ ಕಡೆಯಿಂದ ಮಾವಿನ ಟೆಂಪೋಗಳು ಬರತೊಡಗಿದ್ದವು. ಒಂದು ದಿನ ಒಂಬತ್ತಕ್ಕೇ ಬಂದು ಕೂತರು. ತೊಳೆದ ಖಾಲಿ ಡಬ್ಬಿಯನ್ನು ನನ್ನ ತಕ್ಕಡಿಯ ಬದಿಗೆ ಇಟ್ಟರು.

'ಸಾಬಣ್ಣ, ಇವತ್ತೊಂದಿನ ನನ್ನ ಮಾತು ಕೇಳು. ನೀ ಬಾಯಿಗೆ ಹಾಕ್ಕೊಳೋ ಅರ್ಧ ಚೂರು ಅದಲ್ಲ, ಅದನ್ನ ಈ ಡಬ್ಬಿಯಾಗ ಹಾಕು.'

'ಗಿರಾಕಿಗೋಳು ಏನಂತಾರ್ರಿ ಟೀಚರ್?'

'ಹಲ್ಲು ನೋಯ್ತದ ಅನ್ನು. ಒಂದಿನ.'

ಹಾಗೇ ಮಾಡಿದೆ. ಕರಬೂಜದ್ದೊಂದು, ಕಲ್ಲಂಗಡಿಯದೊಂದು, ಮಾವಿನದೊಂದು, ಚಿಕ್ಕುವಿನದೊಂದು. ಹತ್ತಕ್ಕೆ ಡಬ್ಬಿಯ ಗೆರೆ ಮುಚ್ಚಿತು. ಹನ್ನೊಂದಕ್ಕೆ ಡಬ್ಬಿ ತುಂಬಿತು. ಟೀಚರ್ ಎದ್ದು ಹೋಗಿ ಅದನ್ನು ಆಚೆ ನಿಂತ ಆಕಳಿಗೆ ಹಾಕಿ, ಖಾಲಿ ಡಬ್ಬಿ ತಂದಿಟ್ಟರು. ಮಧ್ಯಾಹ್ನ ಒಂದಕ್ಕೆ ಅದು ಮತ್ತೆ ತುಂಬಿತ್ತು. ಸಂಜೆ ಆಫೀಸು ಬಿಡುವ ಹೊತ್ತಿನ ಗಿರಾಕಿಗಳು ಇನ್ನೂ ಬರಬೇಕಿತ್ತು.

ಡಬ್ಬಿಯಲ್ಲಿ ಎಲ್ಲ ಬಣ್ಣದ ಚೂರುಗಳೂ ಒಂದರ ಮೇಲೊಂದು ಬಿದ್ದು, ಬಿಸಿಲಿಗೆ ರಸ ಬಿಟ್ಟು, ನೊಣ ಮುತ್ತಿದ್ದವು. ನೋಡಿದರೆ ಹೇಸಿಗೆ ಬರುವ ಹಾಗಿತ್ತು. ನನಗೆ ನಂಬಿಕೆ ಆಗಲಿಲ್ಲ.

'ಇದಿಷ್ಟೂ ನಾ ತಿಂತೀನಿ ಅಂತೀರಿ?'

'ಅರ್ಧ ಡಬ್ಬಿ ನನ್ನ ಇಡೀ ದಿನದ್ದು. ನಿಂದು ಊಟದ ಹೊತ್ತಿಗೇ ಎರಡು ಡಬ್ಬಿ' ಎಂದರು ಟೀಚರ್. 'ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂಗ ಆತಿದು. ಅಲ್ಲಿ ಜಗದೇವಿ ರೊಟ್ಟಿ ಬಡಿದು ಬಡಿದು ಸಾಯ್ಲಾಕತ್ತಾಳ, ಇಲ್ಲಿ ನೀ ಹಿಂಗ.'

ನಾನು ಗಾಡಿಯ ಗಾಲಿಗೆ ಒರಗಿ ಕೂತುಬಿಟ್ಟೆ. ನಾಚಿಕೆಯಾಯಿತು. ಬೆರಳಿನ ಭಯಕ್ಕಿಂತ ನಾಚಿಕೆಯೇ ಹೆಚ್ಚಾಯಿತು. ಎರಡು ತಿಂಗಳು ಹೆಂಡತಿಯ ಕೈ ರೊಟ್ಟಿಯನ್ನು ಕಳ್ಳನ ಹಾಗೆ ನೋಡಿದ್ದೆ, ಕಳ್ಳ ನನ್ನ ಬಾಯಲ್ಲೇ ಇದ್ದ.

ಈ ನಾಚಿಕೆಯಿಂದ ಎರಡನೆಯ ತಪ್ಪು ಮಾಡಿದೆ. ಮರುದಿನದಿಂದ ಒಂದು ಚೂರೂ ಬಾಯಿಗೆ ಹಾಕಲಿಲ್ಲ. ಆದರೆ ಯಾರಿಗೂ ಹೇಳಲಿಲ್ಲ, ಡಾಕ್ಟರಮ್ಮನಿಗೂ, ಜಗದೇವಿಗೂ. ಎರಡು ಸಲ ಹೆಚ್ಚಿಸಿದ ಗುಳಿಗೆಯನ್ನು ಹಾಗೇ ನುಂಗಿದೆ. ತೆಳ್ಳನೆ ಎರಡು ರೊಟ್ಟಿಯನ್ನು ಹಾಗೇ ಉಂಡೆ. ಡಾಕ್ಟರಮ್ಮನಿಗೆ ಗೊತ್ತಿಲ್ಲದೆಯೇ ದಿನಕ್ಕೆ ಅಷ್ಟು ಡಬ್ಬಿ ಹಣ್ಣಿಗೆ ಎದುರಾಗಿ ಏರಿದ ಗುಳಿಗೆ ಅದು. ಹಣ್ಣು ನಿಂತ ಮೇಲೆ ಅದು ಎಲ್ಲಿಗೆ ಹೋಗಬೇಕು?

ಮೂರನೆಯ ದಿನ ಹನ್ನೆರಡರ ಸುಮಾರಿಗೆ ಕೈ ನಡುಗತೊಡಗಿತು. ಬೆವರು ಬಂತು, ಬಿಸಿಲಿನ ಬೆವರಲ್ಲ, ತಣ್ಣನೆಯ ಬೆವರು. ಗಿರಾಕಿ ಏನೋ ಕೇಳುತ್ತಿದ್ದಾನೆ, ಬಾಯಿ ಕಾಣಿಸುತ್ತದೆ, ಮಾತು ತಿಳಿಯುವುದಿಲ್ಲ. ತಕ್ಕಡಿಯ ಕಲ್ಲು ಕೈಯಿಂದ ಜಾರಿತು. ನನಗೆ ಸಿಟ್ಟು ಬಂದಿದ್ದು ನೆನಪಿದೆ, ಯಾರ ಮೇಲೆ ಎಂದು ನೆನಪಿಲ್ಲ. ಆಮೇಲೆ ನಾನು ಗಾಡಿಯ ಬದಿಗೆ ನೆಲಕ್ಕೆ ಹಾಸಿದ ಪರ್ಸಿ ಕಲ್ಲಿನ ಮೇಲೆ ಬಿದ್ದಿದ್ದೆ. ಬುತ್ತಿ ತಂದಿದ್ದ ಜಗದೇವಿ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಟೀಚರ್ ಹೋಟೆಲಿನಿಂದ ಮುಷ್ಟಿ ಸಕ್ಕರೆ ತಂದಿದ್ದರು.

'ಬಾಯಿ ತೆಗೀರಿ. ನೆಕ್ಕರಿ. ನನ್ನ ಕಡೀ ನೋಡ್ರಿ, ಇಲ್ಲಿ ನೋಡ್ರಿ' ಎನ್ನುತ್ತಿದ್ದಳು ಜಗದೇವಿ.

ಸುತ್ತ ಹಣ್ಣು ರಾಶಿ ಬಿದ್ದಿತ್ತು, ನಾನು ಮೈಯಲ್ಲಿ ಸಕ್ಕರೆ ಕಮ್ಮಿಯಾಗಿ ಬಿದ್ದಿದ್ದೆ. ಇದನ್ನು ಹೇಳಿದರೆ ಈಗ ಜನ ನಗುತ್ತಾರೆ, ನಾನೂ ನಗುತ್ತೇನೆ. ಅವತ್ತು ಜಗದೇವಿ ಬುತ್ತಿ ಅಲ್ಲೇ ಬಿಟ್ಟು, ಆಟೋ ತರಿಸಿ, ನನ್ನನ್ನು ಹತ್ತಿಸಿದಳು.

ದವಾಖಾನೆಯಲ್ಲಿ ಡಾಕ್ಟರಮ್ಮನಿಗೆ ಎಲ್ಲ ಹೇಳಬೇಕಾಯಿತು. ಅವರು ಪೆನ್ನು ಕೆಳಗಿಟ್ಟರು.

'ಹಣ್ಣು ತಿನ್ನಂಗಿಲ್ಲ ಅಂತ ಹೇಳಿದ್ರಿ. ನಾ ಅದನ್ನ ನಂಬಿ ಗುಳಿಗಿ ಬರೆದೀನಿ.'

'ಸುಳ್ಳು ಹೇಳಿಲ್ರಿ. ಅದೂ ತಿನ್ನೋದು ಅಂತ ನಂಗ ಗೊತ್ತಿರ್ಲಿಲ್ಲ.'

ಬಯ್ಯುತ್ತಾರೆ ಎಂದುಕೊಂಡೆ, ಬಯ್ಯಲಿಲ್ಲ. ಗುಳಿಗೆ ಇಳಿಸಿದರು. ಹೊಟ್ಟೆಗೆ ಏನು ಹೋದರೂ ಅದು ಊಟವೇ, ನಿಂತು ತಿಂದರೂ ಅಷ್ಟೇ ಕೂತು ತಿಂದರೂ ಅಷ್ಟೇ, ಮನಸ್ಸಿಗೆ ಬಂದ ಹಾಗೆ ಬಿಡುವುದೂ ತಪ್ಪು, ಹಿಡಿಯುವುದೂ ತಪ್ಪು ಎಂದರು. ದಿನಾ ಒಂದೇ ಹೊತ್ತು, ಒಂದೇ ಅಳತೆ. ಜಗದೇವಿ ಬರುವ ದಾರಿಯಲ್ಲಿ ಪಾತ್ರೆ ಅಂಗಡಿಗೆ ಹೋಗಿ ಟೀಚರ್ ಡಬ್ಬಿಯಂಥದೇ ಒಂದು ಡಬ್ಬಿ ತಂದಳು. ಮೊಳೆಯಿಂದ ಒಳಗೆ ಗೆರೆ ಗೀರಿದಳು. ಎರಡು ದಿನ ಅವಳು ನನ್ನನ್ನು ಸರಿಯಾಗಿ ಮಾತಾಡಿಸಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ.

ನಾನು ತಿನ್ನುವುದು ಬಿಟ್ಟ ಮೇಲೆ ಗಿರಾಕಿಗಳು ಕೇಳತೊಡಗಿದರು. ಚೂರು ಸೀಳಿ ಅವರ ಅರ್ಧ ಕೊಟ್ಟರೆ ಕೈ ಚಾಚುತ್ತಿರಲಿಲ್ಲ. ನನ್ನ ಅರ್ಧವನ್ನೇ ನೋಡುತ್ತಿದ್ದರು.

'ಮೊದಲ ನೀ ತಿನ್ನು, ಸಾಬಣ್ಣ.'

ಹಲ್ಲುನೋವು ಎಂದು ಎಷ್ಟು ದಿನ ಹೇಳಲಿ? ವಾರಕ್ಕೆ ಸುದ್ದಿ ಹಬ್ಬಿತು. ಸಾಬಣ್ಣನೂ ಈಗ ಪೌಡರ್ ಹಾಕುತ್ತಾನೆ, ಅದಕ್ಕೇ ತಾನು ಬಾಯಿಗೆ ಹಾಕುವುದಿಲ್ಲ. ಮೂವತ್ತು ವರ್ಷ ತಿಂದು ಗಳಿಸಿದ್ದು ಹದಿನೈದು ದಿನ ತಿನ್ನದೆ ಹೋಯಿತು. ಕೊನೆಗೆ ಖರೆ ಹೇಳಿದೆ, ನನಗೆ ಶುಗರ್ ಇದೆ ಎಂದು. ಅದು ಇನ್ನೊಂದು ಫಜೀತಿ. ಶುಗರ್ ಇದ್ದ ಗಿರಾಕಿಗಳು, ಅಂದರೆ ಊರ ಅರ್ಧ ಜನ, ಹಣ್ಣಿನವನಿಗೇ ಬಂದಿದೆ ಎಂದರೆ ಹಣ್ಣಿನಿಂದಲೇ ಬರುತ್ತದೆ ಎಂದು ಹಿಂದೆ ಸರಿದರು. ಅತ್ತ ದರಿ, ಇತ್ತ ಪುಲಿ. ಗಾಡಿಯ ಮೇಲೆ ಮಾವು ಕೊಳೆಯತೊಡಗಿತು. ಮುಂಜಾನೆ ಒಂದೊಂದೇ ಹಣ್ಣಿನ ಮೇಲಿನ ಸಿಮೆಂಟ್ ಧೂಳು ಒರೆಸುವುದು, ಸಂಜೆ ಮೆತ್ತಗಾದದ್ದನ್ನು ಆರಿಸಿ ಎಸೆಯುವುದು. ಆ ಬಿಸಿಲಲ್ಲಿ ಸುಮ್ಮನೆ ನಿಂತರೆ ಕಾಲಿಗಿಂತ ಮೊದಲು ಮನಸ್ಸು ಸೋಲುತ್ತದೆ. ಒಂದು ಮಧ್ಯಾಹ್ನ ಚಾಕು ಕೈಗೆತ್ತಿಕೊಂಡೆ. ಬೆರಳು ಹೋದರೆ ಹೋಗಲಿ ಎಂದುಕೊಂಡು ಒಂದು ಚೂರು ಸೀಳಿದೆ. ಎದುರಿಗೆ ಗಿರಾಕಿ ಹೆಂಗಸು ನಿಂತಿದ್ದಳು.

ನನ್ನ ಅರ್ಧ ಬಾಯಿಗೆ ಹೋಗುವ ಮೊದಲೇ ಹಿಂದಿನಿಂದ ಒಂದು ಕೈ ಅದನ್ನು ಕಸಿದುಕೊಂಡಿತು. ಬುತ್ತಿ ತಂದಿದ್ದ ಜಗದೇವಿ. ಆ ಚೂರನ್ನು ತನ್ನ ಬಾಯಿಗೆ ಹಾಕಿಕೊಂಡು ಅಗಿದಳು. 'ತಿಂದೀನಿ ನೋಡ್ರಿ. ಈಗ ತಗೋರಿ' ಎಂದಳು.

ಅವಳಿಗೆ ಹಣ್ಣು ಸೇರುವುದಿಲ್ಲ. ಅವಳದೇನಿದ್ದರೂ ಹುಣಸೆ, ಹಸಿಮೆಣಸಿನಕಾಯಿ, ಉಪ್ಪು ಹಚ್ಚಿದ ಕಾಯಿ. ಹಣ್ಣಿನವನ ಹೆಂಡತಿಯಾಗಿ ಇಪ್ಪತ್ತೈದು ವರ್ಷ ಒಂದು ಮಾವನ್ನು ನಾಲ್ಕು ದಿನ ತಿಂದವಳು. ಆ ಹೆಂಗಸು ಎರಡು ಕಿಲೋ ತೆಗೆದುಕೊಂಡು ಹೋದಳು. ಮರುದಿನದಿಂದ ಜಗದೇವಿ ಮುಂಜಾನೆಯೇ ನನ್ನ ಜೊತೆ ಬರತೊಡಗಿದಳು. ನಾನು ಚೂರು ಸೀಳುವುದು, ಅವಳು ಮೊದಲ ಅರ್ಧ ತಿನ್ನುವುದು. ಸಾಬಣ್ಣನ ಹೆಂಡತಿ ತಿಂದು ಕೊಡುತ್ತಾಳೆ ಎಂದು ಮಾತು ಮತ್ತೆ ಊರು ಸುತ್ತಿತು. ಕಾರಹುಣ್ಣಿಮೆಯ ಹೊತ್ತಿಗೆ ನನ್ನ ಗಾಯದ ಮೇಲೆ ಹೊಸ ಚರ್ಮ ಬಂತು. ಬೆರಳು ಉಳಿಯಿತು. ಮೊದಲ ಮಳೆಗೆ ನೇರಳೆಹಣ್ಣು ಬಂದಾಗ ಡಬ್ಬಿಯ ಗೆರೆಯ ತನಕ ಹಾಕಿಕೊಂಡು, ಟೀಚರ್ ಪಕ್ಕದಲ್ಲಿ ಕೂತು, ನಾನೂ ತಿಂದೆ. ನಾಲಿಗೆ ನೀಲಿಯಾಯಿತು. ಬದುಕಿದೆ ಎಂದುಕೊಂಡೆ.

ಒಂದು ಮಾತು ಆಗ ನನಗೆ ಹೊಳೆಯಲಿಲ್ಲ. ಏಳು ವರ್ಷ ಹೊಳೆಯಲಿಲ್ಲ. ಡಬ್ಬಿ ನೋಡಿದ ಕಣ್ಣಿಗೇ, ಅದು ಈಗ ಯಾರ ಹೊಟ್ಟೆಗೆ ಹೋಗುತ್ತಿದೆ ಎಂದು ಕಾಣಲಿಲ್ಲ. ಅವಳು ತಿನ್ನುವುದೂ ನನಗೆ ತಕ್ಕಡಿ ತೂಗಿದ ಹಾಗೆಯೇ ಕಂಡಿತ್ತು. ಎಚ್ಚರಿಸಲು ಟೀಚರ್ ಇರಲಿಲ್ಲ. ಆ ವರ್ಷದ ದೀಪಾವಳಿಗೆ ಅವರು ಮಗಳ ಮನೆಗೆ ಶಹಾಬಾದಿಗೆ ಹೋದವರು ಅಲ್ಲೇ ಉಳಿದರು, ಎರಡು ವರ್ಷದ ಹಿಂದೆ ಅಲ್ಲೇ ತೀರಿಕೊಂಡರು.

ಕಳೆದ ತಿಂಗಳು ಜಗದೇವಿಗೆ ಕಣ್ಣು ಮಬ್ಬು ಎಂದು ತೋರಿಸಲು ಹೋದೆವು. ಬೆರಳಿಗೆ ಸೂಜಿ ಚುಚ್ಚಿದರು, ಸಣ್ಣ ಮಷೀನು ಕೂಗಿತು. ಅಂಕಿ ನನ್ನ ಮೊದಲ ದಿನದ ಅಂಕಿಗಿಂತ ಹೆಚ್ಚಿತ್ತು. ಬೇರೆ ಡಾಕ್ಟರು, ಸಣ್ಣ ವಯಸ್ಸಿನವರು. ನಾನು ಚೂರಿನ ಕಥೆ ಎಲ್ಲ ಹೇಳಿದೆ. 'ಬರೀ ಹಣ್ಣಿಂದ ಬಂತು ಅನ್ನಂಗಿಲ್ರಿ. ವಯಸ್ಸು ಅದ, ಇವರ ತಾಯಿಗೂ ಇತ್ತಂತ' ಎಂದರು. ಅವರು ಸಮಾಧಾನಕ್ಕೆ ಹೇಳಿರಲಿಕ್ಕಿಲ್ಲ, ನಿಜವನ್ನೇ ಹೇಳಿರಬೇಕು. ನನಗೆ ಸಮಾಧಾನ ಆಗಲಿಲ್ಲ. ಆಟೋದಲ್ಲಿ ಬರುವಾಗ ನನ್ನ ಎಡಗಾಲಿನ ಹೆಬ್ಬೆರಳನ್ನೇ ನೋಡುತ್ತ ಕೂತಿದ್ದೆ. ಅವಳಿಗೆ ತಿಳಿಯಿತು.

'ನಿಮ್ಮ ಬೆರಳ ಉಳೀತಲ್ಲ. ಬಿಡ್ರಿ' ಎಂದಳು.

ಬಿಡುವುದು ಹೇಗೆ? ನನ್ನ ಪಾಲಿನ ಅರ್ಧವನ್ನು ಅವಳ ಬಾಯಿಗೆ ದಾಟಿಸಿ ನಾನು ಗಟ್ಟಿಯಾದೆ. ಇದನ್ನು ಬೇರೆ ರೀತಿ ಹೇಳಲು ನನಗೆ ಬರುವುದಿಲ್ಲ.

ಮೊನ್ನೆ ಕರಬೂಜ ಗಾಡಿಗೆ ಏರಿದ ಮೇಲೆ, ಹತ್ತೂವರೆಗೆ, ಒಬ್ಬ ಗಿರಾಕಿ ಬಂದ. ವಾಡಿ ಊರಿನವನಂತೆ, ಸೇಡಮ್ಮಿಗೆ ಮದುವೆಗೆ ಬಂದಿದ್ದ. ಒಂದು ಹಣ್ಣು ಆರಿಸಿ ಮೂಗಿಗೆ ಹಿಡಿದ. ನಾನು ಮೂರು ಮೂಲೆಯ ಚೂರು ತೆಗೆದು ಸೀಳಿದೆ.

'ನೀವು ಮೊದಲ ತಿಂತೀರಂತ ಕೇಳೀನಿ' ಎಂದ.

ಜಗದೇವಿ ಸ್ಟೂಲಿನಿಂದ ಎದ್ದು ಕೈ ಚಾಚಿದಳು. ಏಳು ವರ್ಷದ ರೂಢಿ. ನಾನು ಅವಳ ಮಣಿಕಟ್ಟು ಹಿಡಿದೆ.

'ಬ್ಯಾಡ.'

'ಒಂದ ಚೂರ ಅಲ್ಲೇನ್ರಿ' ಎಂದಳು.

'ಬ್ಯಾಡ ಅಂದೆ.' ಗಿರಾಕಿಯ ಕಡೆ ತಿರುಗಿದೆ. 'ನಾ ತಿನ್ನಂಗಿಲ್ರಿ, ಇಕಿನೂ ತಿನ್ನಂಗಿಲ್ಲ. ಇಬ್ಬರಿಗೂ ಶುಗರ್ ಅದ. ಹಣ್ಣು ಛಲೋ ಅದ, ಪೌಡರ್ ಗಿವ್ಡರ್ ಏನಿಲ್ಲ. ನಂಬಿದ್ರ ಒಯ್ರಿ.'

ಅವನು ನನ್ನನ್ನು ನೋಡಿದ, ಅವಳನ್ನು ನೋಡಿದ, ಹಣ್ಣನ್ನು ಗಾಡಿಯ ಮೇಲಿಟ್ಟ. ಆಮೇಲೆ ಬರುತ್ತೇನೆ ಎಂದ. ಆಮೇಲೆ ಬರುತ್ತೇನೆ ಎಂದವರು ಬಂದದ್ದನ್ನು ನಾನು ಮೂವತ್ತೇಳು ವರ್ಷದಲ್ಲಿ ನೋಡಿಲ್ಲ. ಅಪ್ಪ ಇದ್ದಿದ್ದರೆ ಏನೆನ್ನುತ್ತಿದ್ದನೋ. ಸಂಜೆಯ ತನಕ ಇನ್ನೆಷ್ಟು ಜನ ಬರಬೇಕು, ಎಷ್ಟು ಜನಕ್ಕೆ ಇದೇ ಮಾತು ಹೇಳಬೇಕು ಎಂದು ನೆನೆದು ಮತ್ತೆ ದಣಿವಾಯಿತು. ಆದರೂ ಮಣಿಕಟ್ಟು ಬಿಡಲಿಲ್ಲ.

ಚೂರು ತೆಗೆದ ಹಣ್ಣನ್ನು ಬೇರೆಯವರಿಗೆ ಮಾರಲು ಬರುವುದಿಲ್ಲ. ಹನ್ನೊಂದಾಗುತ್ತ ಬಂದಿತ್ತು. ಜಗದೇವಿ ಚೀಲದಿಂದ ಡಬ್ಬಿ ತೆಗೆದಳು, ಅದೇ ಗೆರೆಯ ಡಬ್ಬಿ. ಈಗ ಇಂಥವು ಎರಡಿವೆ. ಆ ಹಣ್ಣನ್ನೇ ಹೆಚ್ಚಿ, ಗೆರೆಯ ತನಕ ನನಗೆ, ಗೆರೆಯ ತನಕ ಅವಳಿಗೆ ಹಾಕಿದಳು. ನಾಲ್ಕು ನಾಲ್ಕು ಹೋಳು ಬಂದವು. ಗಾಡಿಯ ಹಿಂದೆ ನೆರಳಿಗೆ ಪರ್ಸಿ ಕಲ್ಲಿನ ಮೇಲೆ ಕೂತು ತಿಂದೆವು. ಎದುರಿಗೆ ಯಾರೂ ಇರಲಿಲ್ಲ. ಯಾರಿಗೂ ಬಾಯಿ ಆಡಿಸಿ ತೋರಿಸಬೇಕಾಗಿರಲಿಲ್ಲ.

'ಹೆಂಗದ?' ಎಂದಳು.

ನಾನು ಕೊನೆಯ ಹೋಳನ್ನು ನಿಧಾನಕ್ಕೆ ಅಗಿದು ನುಂಗಿದೆ.

'ತಿಳೀವಲ್ದು. ಇನ್ನೊಂದು ಹೋಳು ಕೊಟ್ರ ಹೇಳ್ತೀನಿ.'

'ನಾಕು ಆದವು' ಎಂದು ಜಗದೇವಿ ಡಬ್ಬಿಯ ಮುಚ್ಚಳ ಹಾಕಿದಳು.